ಮೊದಲ ಗೇಮಿಂಗ್ ಪಿಸಿಗೆ ಬಜೆಟ್ ಹಾಕುವ ಬಗೆ: ಪರದೆಯಿಂದ ಶುರು ಮಾಡಿ

ಮೊದಲ ಸಲ ಪಿಸಿ ಕಟ್ಟಲು ಹೊರಟವರು ಕೇಳುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ: ‘ಯಾವ ಗ್ರಾಫಿಕ್ಸ್ ಕಾರ್ಡ್ ತಗೊಳ್ಳಲಿ?’ ಪ್ರಶ್ನೆಯಲ್ಲಿ ತಪ್ಪಿಲ್ಲ, ಆದರೆ ಅದನ್ನು ಕೇಳುವ ಹೊತ್ತು ಇನ್ನೂ ಬಂದಿಲ್ಲ. ಗ್ರಾಫಿಕ್ಸ್ ಕಾರ್ಡ್ ಅಂದರೆ ಆಟದ ಚಿತ್ರ ಬಿಡಿಸುವ ಭಾಗ. ಯಾವ ಕಾರ್ಡ್ ಬೇಕು ಅನ್ನುವುದನ್ನು ನಿಮ್ಮ ಪರದೆ ತೀರ್ಮಾನಿಸುತ್ತದೆ. ಯಾವ ಪರದೆ ಬೇಕು ಅನ್ನುವುದನ್ನು ನೀವು ಆಡುವ ಆಟ ತೀರ್ಮಾನಿಸುತ್ತದೆ. ಈ ಸಾಲು ತಲೆಕೆಳಗಾದರೆ ಜೇಬು ಖಾಲಿ, ಆಟ ಅಷ್ಟಕ್ಕಷ್ಟೆ.

ಇಲ್ಲಿ ಬೆಲೆಗಳನ್ನು ಕೊಟ್ಟಿಲ್ಲ. ಬಿಡಿಭಾಗಗಳ ಬೆಲೆ ಒಂದು ಕಡೆ ನಿಲ್ಲುವಂಥದ್ದಲ್ಲ. ಅದರ ಬದಲು ಹಣವನ್ನು ನೂರು ಪಾಲು ಅಂದುಕೊಂಡು ಲೆಕ್ಕ ಹಾಕೋಣ. ನಿಮ್ಮ ಕೈಲಿರುವ ಮೊತ್ತ ಚಿಕ್ಕದಿರಲಿ ದೊಡ್ಡದಿರಲಿ, ಲೆಕ್ಕದ ದಾರಿ ಅದೇ.

ಹಂತ 1: ಹೊರಗಿನ ಖರ್ಚನ್ನು ಮೊದಲು ಕಳೆಯಿರಿ

ಒಂದು ಹಾಳೆ ತೆಗೆದುಕೊಂಡು ಮೇಲೆ ಒಟ್ಟು ಮೊತ್ತ ಬರೆಯಿರಿ. ‘ಸುಮಾರು ಇಷ್ಟು’ ಅಂತ ಬೇಡ. ಇದಕ್ಕಿಂತ ಒಂದು ಪೈಸೆ ಜಾಸ್ತಿ ಹೋಗಲ್ಲ ಅನ್ನುವ ಅಂಕಿ ಬೇಕು.

ಈಗ ಕ್ಯಾಬಿನೆಟ್ (ಬಿಡಿಭಾಗಗಳೆಲ್ಲ ಕೂರುವ ಡಬ್ಬಿ) ಒಳಗೆ ಹೋಗದ ಎಲ್ಲವನ್ನೂ ಪಟ್ಟಿ ಮಾಡಿ: ಮಾನಿಟರ್, ಕೀಬೋರ್ಡ್, ಮೌಸ್, ಹೆಡ್‌ಸೆಟ್, ವಿಂಡೋಸ್ ಲೈಸೆನ್ಸ್, ಸಾಗಣೆ ಮತ್ತು ತೆರಿಗೆ. ಕರೆಂಟ್ ಆಗಾಗ ಹೋಗುವ ಕಡೆ ಇದ್ದರೆ ಯುಪಿಎಸ್ ಕೂಡ. ಮನೆಯಲ್ಲಿ ಕೇಬಲ್ ಎಳೆಯಲು ಆಗುವುದಿಲ್ಲ ಅಂದರೆ ವೈ-ಫೈ ಇದೆಯಾ ನೋಡಬೇಕು, ಏಕೆಂದರೆ ಕಡಿಮೆ ಬೆಲೆಯ ಎಷ್ಟೋ ಮದರ್‌ಬೋರ್ಡ್‌ಗಳಲ್ಲಿ (ಉಳಿದ ಭಾಗಗಳೆಲ್ಲ ಸೇರುವ ಮುಖ್ಯ ಹಲಗೆ) ಅದು ಇರುವುದಿಲ್ಲ. ಇವುಗಳಲ್ಲಿ ನಿಮ್ಮ ಹತ್ತಿರ ಈಗಾಗಲೇ ಇರುವುದನ್ನು ಹೊಡೆದು ಹಾಕಿ. ಹಳೆಯ ಕೀಬೋರ್ಡಿನಲ್ಲಿ ಆಡಿದರೆ ಯಾರೂ ಬೇಡ ಅನ್ನುವುದಿಲ್ಲ.

ವಿಂಡೋಸ್ ವಿಷಯ ಇಲ್ಲೇ ಮುಗಿಸಿಬಿಡೋಣ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹೊಸ ಪಿಸಿಗೆ ವಿಂಡೋಸ್ 11 ಹಾಕುವುದೇ ಸರಿ. ಓಇಎಂ ಲೈಸೆನ್ಸ್ (ಹೊಸ ಪಿಸಿಯ ಜೊತೆ ಮಾರುವಂಥದ್ದು) ಅಗ್ಗ, ಆದರೆ ಅದು ಆ ಮದರ್‌ಬೋರ್ಡಿಗೇ ಅಂಟಿಕೊಂಡಿರುತ್ತದೆ. ರಿಟೇಲ್ ಲೈಸೆನ್ಸನ್ನು ಮುಂದಿನ ಪಿಸಿಗೆ ಒಯ್ಯಬಹುದು. ವಿಂಡೋಸ್ ಬದಲು ಉಚಿತವಾದ ಲಿನಕ್ಸ್ ಹಾಕಿದರೆ ಈ ಖರ್ಚೇ ಇಲ್ಲ. ಆಟ ಮಾರುವ ಸ್ಟೀಮ್‌ನಲ್ಲಿ ವಿಂಡೋಸ್ ಆಟಗಳನ್ನು ಲಿನಕ್ಸಿನಲ್ಲಿ ಓಡಿಸುವ ಪ್ರೋಟಾನ್ ಇರುವುದರಿಂದ ಒಬ್ಬರೇ ಆಡುವ ಆಟಗಳಲ್ಲಿ ಬಹಳಷ್ಟು ಅದರಲ್ಲೇ ಓಡುತ್ತವೆ. ಆದರೆ ವ್ಯಾಲೊರಂಟ್, ಫೋರ್ಟ್‌ನೈಟ್ ಆಡುವವರು ಲಿನಕ್ಸ್ ಆಸೆ ಬಿಡಬೇಕು. ಅವುಗಳ ಆಂಟಿ-ಚೀಟ್ (ಮೋಸದಾಟ ತಡೆಯುವ ಸಾಫ್ಟ್‌ವೇರ್) ಒಪ್ಪುವುದಿಲ್ಲ.

ಇಷ್ಟೆಲ್ಲ ಕಳೆದ ಮೇಲೆ, ಒಟ್ಟು ಮೊತ್ತದಲ್ಲಿ ನೂರಕ್ಕೆ 5ರಿಂದ 8 ಪಾಲು ಮುಟ್ಟದೆ ಪಕ್ಕಕ್ಕಿಡಿ. ಬಜೆಟ್ ಹಾಕುವವರಲ್ಲಿ ಹೆಚ್ಚಿನವರು ಇದನ್ನೇ ಮರೆಯುತ್ತಾರೆ. ಒಂದು ಕೇಬಲ್ ಕಡಿಮೆ ಬೀಳುತ್ತದೆ, ಒಂದು ಫ್ಯಾನ್ ಬೇಕಾಗುತ್ತದೆ, ಬೇಕಾದ ಮದರ್‌ಬೋರ್ಡ್ ಸಿಗದೆ ಅದರ ಮೇಲಿನದನ್ನು ತರಬೇಕಾಗುತ್ತದೆ. ಏನಾದರೂ ಒಂದು ಇದ್ದೇ ಇರುತ್ತೆ.

ಇನ್ನು ಉಳಿದದ್ದೇ ಕ್ಯಾಬಿನೆಟ್ ಒಳಗಿನ ಹಣ. ಇಲ್ಲಿಂದ ಮುಂದೆ ನಾನು ನೂರು ಪಾಲು ಅಂದಾಗ ಈ ಹಣ ಅಂತಲೇ ಅರ್ಥ.

ಹಂತ 2: ಆಟ, ಪರದೆ, ಫ್ರೇಮ್

ಮುಂದಿನ ಒಂದು ವರ್ಷ ನಿಜವಾಗಿ ಆಡುವ ಮೂರು ಆಟ ಬರೆಯಿರಿ. ‘ಮುಂದೆ ಬರುವ ದೊಡ್ಡ ಆಟಗಳೆಲ್ಲ’ ಅಂತ ಬರೆಯಬೇಡಿ, ಅದರಿಂದ ಲೆಕ್ಕಕ್ಕೆ ಏನೂ ಸಿಗುವುದಿಲ್ಲ.

ಈಗ ಪರದೆ. 1080ಪಿ ಪರದೆಯಲ್ಲಿ 1920 ಗುಣಿಸು 1080, ಅಂದರೆ ಸುಮಾರು 20.7 ಲಕ್ಷ ಪಿಕ್ಸೆಲ್ (ಬಣ್ಣದ ಚುಕ್ಕೆ). 1440ಪಿಯಲ್ಲಿ ಸುಮಾರು 36.9 ಲಕ್ಷ. 4ಕೆಯಲ್ಲಿ ಸುಮಾರು 82.9 ಲಕ್ಷ. ಪ್ರತಿ ಫ್ರೇಮಿಗೂ, ಅಂದರೆ ಪರದೆಯ ಮೇಲೆ ಬರುವ ಒಂದೊಂದು ಚಿತ್ರಕ್ಕೂ, ಗ್ರಾಫಿಕ್ಸ್ ಕಾರ್ಡ್ ಇಷ್ಟನ್ನೂ ಬಣ್ಣ ತುಂಬಿ ಕೊಡಬೇಕು. 1080ಪಿಯಿಂದ 4ಕೆಗೆ ಹೋದರೆ ಪಿಕ್ಸೆಲ್ ಸರಿಯಾಗಿ ನಾಲ್ಕು ಪಟ್ಟು. ಮೊದಲ ಪಿಸಿಗೆ 4ಕೆ ಬೇಡ ಅಂತ ನಾನು ಹೇಳುವುದು ಇದಕ್ಕೇ. 1080ಪಿ ಇವತ್ತಿಗೂ ಮರ್ಯಾದೆಯ ಆಯ್ಕೆ. ಕೈ ಸ್ವಲ್ಪ ಸಡಿಲ ಇದ್ದರೆ 1440ಪಿ.

ಫ್ರೇಮಿನದು ಇನ್ನೊಂದು ಲೆಕ್ಕ. ಸೆಕೆಂಡಿಗೆ 60 ಫ್ರೇಮ್ ಬೇಕಾದರೆ ಒಂದೊಂದಕ್ಕೆ 16.7 ಮಿಲಿಸೆಕೆಂಡ್ ಸಮಯ ಸಿಗುತ್ತದೆ. 144 ಬೇಕಾದರೆ 6.9 ಮಾತ್ರ. ಪ್ರತಿ ಫ್ರೇಮಿನಲ್ಲೂ ಯಾರು ಎಲ್ಲಿದ್ದಾರೆ, ಗುಂಡು ಎಲ್ಲಿ ತಗುಲಿತು, ಕಾರ್ಡ್ ಏನು ಬಿಡಿಸಬೇಕು ಅನ್ನುವುದನ್ನೆಲ್ಲ ಮೊದಲು ಪ್ರೊಸೆಸರ್ ತಯಾರು ಮಾಡಿ ಕೊಡುತ್ತದೆ. ಪರದೆಯ ಪಿಕ್ಸೆಲ್ ಜಾಸ್ತಿಯಾದರೆ ಪ್ರೊಸೆಸರಿಗೆ ಅಷ್ಟೇನೂ ಹೊರೆಯಿಲ್ಲ. ಫ್ರೇಮ್ ಜಾಸ್ತಿಯಾದರೆ ಹೊರೆ ಬೀಳುವುದು ಅದರ ಮೇಲೇ.

ಹಾಗಾಗಿ ಕೌಂಟರ್-ಸ್ಟ್ರೈಕ್, ವ್ಯಾಲೊರಂಟ್ ಥರದ ಗುಂಡು ಹಾರಿಸುವ (ಶೂಟರ್) ಆಟವನ್ನು 1080ಪಿಯಲ್ಲಿ 240 ಫ್ರೇಮಿನಲ್ಲಿ ಆಡಬೇಕು ಅನ್ನುವವರ ಹಣ ಪ್ರೊಸೆಸರ್ ಕಡೆ ವಾಲಬೇಕು. ಸೈಬರ್‌ಪಂಕ್ 2077 ಥರದ ಆಟವನ್ನು 1440ಪಿಯಲ್ಲಿ 60 ಫ್ರೇಮಿಗೆ ಕಣ್ತುಂಬ ನೋಡಿಕೊಂಡು ಆಡುವವರ ಹಣ ಕಾರ್ಡ್ ಕಡೆ ವಾಲಬೇಕು. ಇಬ್ಬರ ಒಟ್ಟು ಮೊತ್ತ ಒಂದೇ ಇರಬಹುದು, ಪಿಸಿ ಮಾತ್ರ ಬೇರೆ ಬೇರೆ.

ಹಂತ 3: ನೂರು ಪಾಲನ್ನು ಹಂಚಿ

ಎರಡೂ ಬಗೆಯ ಆಟ ಆಡುವವರಿಗೆ ನಾನು ಶುರುವಿಗೆ ಹೇಳುವ ಹಂಚಿಕೆ ಇದು:

ಗ್ರಾಫಿಕ್ಸ್ ಕಾರ್ಡ್ 40
ಪ್ರೊಸೆಸರ್ 17
ಮದರ್‌ಬೋರ್ಡ್ 11
ರ‍್ಯಾಮ್ (ಕೆಲಸದ ಮೆಮೊರಿ) 9
ಎಸ್‌ಎಸ್‌ಡಿ (ಆಟಗಳನ್ನು ಇಡುವ ಡ್ರೈವ್) 8
ಪವರ್ ಸಪ್ಲೈ 8
ಕ್ಯಾಬಿನೆಟ್ 5
ಕೂಲರ್ (ಪ್ರೊಸೆಸರ್ ತಣಿಸುವುದು) 2

ಇದು ಕಲ್ಲಿನಲ್ಲಿ ಕೆತ್ತಿದ್ದಲ್ಲ. ಬರೀ ಶೂಟರ್ ಆಡುವವರು ಕಾರ್ಡನ್ನು 32ಕ್ಕೆ ಇಳಿಸಿ, ಉಳಿದ 8ನ್ನು ಪ್ರೊಸೆಸರಿಗೆ ಕೊಡಲಿ. ದೊಡ್ಡ ಪರದೆಯವರು ಕಾರ್ಡನ್ನು 50ರವರೆಗೆ ಏರಿಸಬಹುದು. ಅದಕ್ಕಿಂತ ಮೇಲೆ ಹೋದರೆ ಎತ್ತು ಏರಿಗೆ, ಕೋಣ ನೀರಿಗೆ ಅನ್ನುವ ಹಾಗಾಗುತ್ತದೆ. ಕಾರ್ಡ್ ತಯಾರಾಗಿ ಕೂತಿರುತ್ತದೆ, ಪ್ರೊಸೆಸರ್ ಫ್ರೇಮ್ ಕೊಡುವುದೇ ಇಲ್ಲ.

ರ‍್ಯಾಮ್ ಪಾಲಿನ ಮೇಲೆ ಒಂದು ಕಣ್ಣಿಡಿ. 2025ರ ಕೊನೆಯಲ್ಲಿ ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ ಮೆಮೊರಿ ಬೆಲೆ ವಿಪರೀತ ಏರಿತು. ಅಂಥ ಕಾಲದಲ್ಲಿ 9 ಪಾಲಿನಲ್ಲಿ ರ‍್ಯಾಮ್ ಬರುವುದಿಲ್ಲ, 15 ಅಥವಾ ಅದಕ್ಕೂ ಜಾಸ್ತಿ ಕೇಳಬಹುದು. ಆಗ ಹಂಚಿಕೆಗೆ ಜೋತು ಬೀಳಬೇಡಿ. ಕೊಳ್ಳುವ ವಾರದ ಬೆಲೆ ನೋಡಿ, ಪಟ್ಟಿಯನ್ನೇ ಹೊಸದಾಗಿ ಬರೆಯಿರಿ.

ಹಂತ 4: ಗ್ರಾಫಿಕ್ಸ್ ಕಾರ್ಡ್

40 ಪಾಲಿಗೆ ಏನು ಬರುತ್ತದೆ ನೋಡಿ, ನೀವು ಬರೆದ ಮೂರು ಆಟಕ್ಕೂ ಆ ಕಾರ್ಡಿನ ಬೆಂಚ್‌ಮಾರ್ಕ್ (ಓಡಿಸಿ ಅಳೆದ ಫ್ರೇಮ್ ಲೆಕ್ಕ) ಹುಡುಕಿ. ನಿಮ್ಮ ಪರದೆಯ ರೆಸಲ್ಯೂಶನ್ನಿನಲ್ಲೇ ಹುಡುಕಬೇಕು. ಸರಾಸರಿ ಫ್ರೇಮ್ ಒಂದನ್ನೇ ನೋಡಬೇಡಿ, ಪಕ್ಕದಲ್ಲಿ ‘1% ಲೋ’ ಅಂತ, ತೀರಾ ನಿಧಾನದ 1% ಫ್ರೇಮುಗಳ ವೇಗ ಹೇಳುವ ಇನ್ನೊಂದು ಅಂಕಿ ಇರುತ್ತದೆ. ಆಟ ಆಗಾಗ ತಡವರಿಸುತ್ತದೋ ಇಲ್ಲವೋ ಅನ್ನುವುದು ಗೊತ್ತಾಗುವುದು ಅದರಿಂದ. ಸರಾಸರಿ 90, ಲೋ 35 ಇರುವ ಕಾರ್ಡಿಗಿಂತ ಸರಾಸರಿ 75, ಲೋ 60 ಇರುವುದು ಕಣ್ಣಿಗೆ ಹಿತ.

ಹೆಸರು ನೋಡಿ ಮೋಸ ಹೋಗುವುದು ಸುಲಭ. 2025ರಲ್ಲಿ ಬಂದ ಆರ್‌ಟಿಎಕ್ಸ್ 5060 ಟಿಐ ಮತ್ತು ಆರ್‌ಎಕ್ಸ್ 9060 ಎಕ್ಸ್‌ಟಿ, ಎರಡೂ 8 ಜಿಬಿ ಮತ್ತು 16 ಜಿಬಿ ಮೆಮೊರಿಯಲ್ಲಿ ಸಿಗುತ್ತವೆ. ಡಬ್ಬಿಯ ಮೇಲೆ ಹೆಸರು ಅದೇ. ಮೆಮೊರಿ ಸಾಲದೆ ಹೋದಾಗ ಆಟ ಒಂದೇ ಸಮ ನಿಧಾನವಾಗುವುದಿಲ್ಲ. ಚೆನ್ನಾಗಿ ಓಡುತ್ತ ಓಡುತ್ತ ದಿಢೀರ್ ಅಂತ ಜರ್ಕ್ ಹೊಡೆಯುತ್ತದೆ, ಇಲ್ಲವೇ ಗೋಡೆ, ನೆಲದ ಚಿತ್ರಗಳು ಮಸುಕಾಗಿ ಕಾಣುತ್ತವೆ. 1080ಪಿಯಲ್ಲಿ ಆನ್‌ಲೈನ್ ಶೂಟರ್ ಆಡುವವರಿಗೆ 8 ಜಿಬಿ ನಡೆಯುತ್ತದೆ. ಹೊಸ ದೊಡ್ಡ ಆಟಗಳನ್ನು 1440ಪಿಯಲ್ಲಿ ಆಡುವವರು 12ಕ್ಕಿಂತ ಕೆಳಗೆ ಇಳಿಯಬೇಡಿ. ಬೇರೆ ಎಲ್ಲಾದರೂ ಕತ್ತರಿಸಿ, ಇಲ್ಲಿ ಬೇಡ.

ಡಿಎಲ್‌ಎಸ್‌ಎಸ್, ಎಫ್‌ಎಸ್‌ಆರ್ ಅಂತ ಕೇಳಿರುತ್ತೀರಿ. ಇವು ಚಿಕ್ಕ ಚಿತ್ರ ಬಿಡಿಸಿ ಅದನ್ನು ಜಾಣತನದಿಂದ ಹಿಗ್ಗಿಸುತ್ತವೆ. 1440ಪಿಯಲ್ಲಿ ಕ್ವಾಲಿಟಿ ಮೋಡ್ ಹಾಕಿದರೆ ಒಳಗೆ ಬಿಡಿಸುವುದು ಸುಮಾರು 960ಪಿ ಚಿತ್ರವನ್ನೇ. ಇದನ್ನು ಬಜೆಟ್ಟಿನಲ್ಲಿ ಧೈರ್ಯವಾಗಿ ಲೆಕ್ಕಕ್ಕೆ ಹಿಡಿಯಬಹುದು. ಫ್ರೇಮ್ ಜನರೇಶನ್ ಅನ್ನು ಮಾತ್ರ ಹಿಡಿಯಬೇಡಿ. ಅದು ಎರಡು ನಿಜ ಫ್ರೇಮಿನ ನಡುವೆ ತಾನೇ ಫ್ರೇಮ್ ಸೇರಿಸುತ್ತದೆ. ಅಂಕಿ ದೊಡ್ಡದಾಗಿ ಕಾಣುತ್ತೆ, ಮೌಸ್ ಒತ್ತಿದ್ದಕ್ಕೆ ಆಟ ಸ್ಪಂದಿಸುವ ವೇಗ ಏರುವುದಿಲ್ಲ. ಜಾಹೀರಾತಿನ ಗ್ರಾಫಿನಲ್ಲಿ ಎರಡೂ ಒಂದೇ ಕಂಬದಲ್ಲಿ ಕೂತಿರುತ್ತವೆ ಅನ್ನುವುದೇ ತಮಾಷೆ.

ಹಂತ 5: ಪ್ರೊಸೆಸರ್ ಮತ್ತು ಮದರ್‌ಬೋರ್ಡ್ ಜೋಡಿ

ಇವೆರಡನ್ನು ಬೇರೆ ಬೇರೆ ಕೊಳ್ಳಲು ಬರುವುದಿಲ್ಲ. ಪ್ರೊಸೆಸರಿನ ಸಾಕೆಟ್ (ಅದು ಕೂರುವ ಮನೆ) ಯಾವುದೋ ಬೋರ್ಡಿನದೂ ಅದೇ ಆಗಿರಬೇಕು. ಆಟಕ್ಕೆ ಸದ್ಯ ಒಳ್ಳೆಯ 6 ಕೋರ್ (ಒಟ್ಟಿಗೇ ಕೆಲಸ ಮಾಡುವ ಆರು ಭಾಗ ಇರುವ) ಪ್ರೊಸೆಸರ್ ಸಾಕು. ಆಡುತ್ತಲೇ ವಿಡಿಯೊ ಎಡಿಟಿಂಗ್ ಥರದ ಭಾರಿ ಕೆಲಸವನ್ನೂ ಮಾಡುವವರು 8 ಕೋರ್ ನೋಡಲಿ.

ಇಲ್ಲಿ ಮುಖ್ಯವಾದದ್ದು ನಾಳೆಯ ದಾರಿ. ಪ್ರೊಸೆಸರ್ ತಯಾರಿಸುವ ಎಎಂಡಿಯ ಎಎಂ4 ಸಾಕೆಟ್ಟಿನ ಕಥೆ ನೋಡಿ. 2017ರಲ್ಲಿ ಮೊದಲ ರೈಜೆನ್ ಪ್ರೊಸೆಸರ್ ಜೊತೆ ಬೋರ್ಡ್ ಕೊಂಡವರಲ್ಲಿ ಹಲವರು ಬಯಾಸ್ (ಬೋರ್ಡಿನೊಳಗಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ, 2022ರಲ್ಲಿ ಬಂದ 5800ಎಕ್ಸ್3ಡಿ ಪ್ರೊಸೆಸರನ್ನು ಅದೇ ಬೋರ್ಡಿಗೆ ಕೂರಿಸಿದರು. ಅದರ ನಂತರದ ಎಎಂ5 ಬಂದದ್ದು 2022ರಲ್ಲಿ. ಅದಕ್ಕೆ 2027ರವರೆಗೂ ಅದರಾಚೆಗೂ ಬೆಂಬಲ ಕೊಡುತ್ತೇವೆ ಅಂತ ಎಎಂಡಿ ಹೇಳಿದೆ. ಇಂಟೆಲ್ 2021ರ ಎಲ್‌ಜಿಎ 1700 ಸಾಕೆಟ್ಟನ್ನು ಮೂರು ತಲೆಮಾರಿಗೆ ಬಳಸಿ, 2024ರಲ್ಲಿ ಎಲ್‌ಜಿಎ 1851ಕ್ಕೆ ಹೋಯಿತು. ಎರಡು ವರ್ಷ ಬಿಟ್ಟು ಪ್ರೊಸೆಸರ್ ಮಾತ್ರ ಬದಲಿಸುವ ಯೋಚನೆ ಇದ್ದರೆ ಎಎಂ5 ವಾಸಿ. ಈಗ ಕಟ್ಟಿ ಐದು ವರ್ಷ ಕೈ ಹಾಕಲ್ಲ ಅನ್ನುವವರಿಗೆ ಹಳೆಯ ಸಾಕೆಟ್ಟಿನಲ್ಲೇ ಒಳ್ಳೆಯ ಲಾಭ ಇರುತ್ತೆ. ಎಎಂ4ಗೆ ಹಿಂದಿನ ತಲೆಮಾರಿನ ಡಿಡಿಆರ್4 ರ‍್ಯಾಮ್ ಸಾಕು. ಎಎಂ5ಗೆ ಡಿಡಿಆರ್5 ಬಿಟ್ಟು ಬೇರೆ ಹಾಕಲು ಬರುವುದೇ ಇಲ್ಲ.

ಪ್ರೊಸೆಸರ್ ಹೆಸರಿನ ಕೊನೆಯ ಅಕ್ಷರ ಓದಿ. ಇಂಟೆಲ್‌ನಲ್ಲಿ ‘ಎಫ್’ ಇದ್ದರೆ ಅದರಲ್ಲಿ ಗ್ರಾಫಿಕ್ಸ್ ಇಲ್ಲ. ಕಾರ್ಡ್ ಹಾಕದೆ ಪರದೆಯಲ್ಲಿ ಏನೂ ಕಾಣುವುದಿಲ್ಲ. ‘ಕೆ’ ಇದ್ದರೆ ಡಬ್ಬಿಯಲ್ಲಿ ಕೂಲರ್ ಬರುವುದಿಲ್ಲ, ಅದಕ್ಕೆ ಬೇರೆ ಹಣ ತೆಗೆದಿಡಬೇಕು.

ಮದರ್‌ಬೋರ್ಡಿನಲ್ಲಿ ಹಣ ಉಳಿಸಬಹುದು. ಎಎಂಡಿಯಲ್ಲಾಗಲಿ ಇಂಟೆಲ್‌ನಲ್ಲಾಗಲಿ ಹೆಸರು ‘ಬಿ’ಯಿಂದ ಶುರುವಾಗುವ ಚಿಪ್‌ಸೆಟ್ (ಬೋರ್ಡಿನ ದರ್ಜೆ ಹೇಳುವ ಚಿಪ್) ಮೊದಲ ಪಿಸಿಗೆ ಸಾಕಷ್ಟಾಯಿತು. ರ‍್ಯಾಮಿಗೆ ನಾಲ್ಕು ಸ್ಲಾಟ್, ಎಸ್‌ಎಸ್‌ಡಿಗೆ ಎಂ.2 ಎರಡು ಸ್ಲಾಟ್, ವೋಲ್ಟೇಜ್ ಭಾಗದ ಮೇಲೆ ಶಾಖ ಹೀರುವ ಹೀಟ್‌ಸಿಂಕ್ ಇದ್ದರೆ ಮುಗಿಯಿತು. ಮಿಕ್ಕಿದ್ದು ಮಿಣುಕು ದೀಪ.

ಹಂತ 6: ರ‍್ಯಾಮ್ ಮತ್ತು ಎಸ್‌ಎಸ್‌ಡಿ

16 ಜಿಬಿ ಕನಿಷ್ಠ, 32 ಜಿಬಿ ನೆಮ್ಮದಿ. ಎಷ್ಟೇ ಕೊಂಡರೂ ಎರಡು ತುಂಡಾಗಿ ಕೊಳ್ಳಿ. 16ರ ಒಂದೇ ತುಂಡು ಹಾಕಿದರೆ ಒಂದೇ ಚಾನೆಲ್ (ಮಾಹಿತಿ ಸಾಗುವ ದಾರಿ) ಕೆಲಸ ಮಾಡುತ್ತದೆ, ಮೆಮೊರಿಯ ಬ್ಯಾಂಡ್‌ವಿಡ್ತ್ ಅರ್ಧಕ್ಕೆ ಇಳಿಯುತ್ತದೆ. ‘ಆಮೇಲೆ ಇನ್ನೊಂದು ಸೇರಿಸಿದರಾಯಿತು’ ಅನ್ನುವ ಲೆಕ್ಕವೂ ಬೇಡ, ಬೇರೆ ಬೇರೆ ಸಲ ಕೊಂಡ ತುಂಡುಗಳು ಒಂದಕ್ಕೊಂದು ಹೊಂದುತ್ತವೆ ಅನ್ನುವ ಖಾತ್ರಿಯಿಲ್ಲ.

ಎಸ್‌ಎಸ್‌ಡಿ 1 ಟಿಬಿಯ ಎನ್‌ವಿಎಂಇ (ಎಂ.2 ಸ್ಲಾಟಿಗೆ ಕೂರುವ ವೇಗದ ಬಗೆ) ತೆಗೆದುಕೊಳ್ಳಿ. ಒಂದೊಂದು ದೊಡ್ಡ ಆಟವೇ 100 ಜಿಬಿ ದಾಟುವ ಕಾಲ ಇದು, 500 ಜಿಬಿ ಸಾಕಾಗಲ್ಲ. ವೇಗದ ಹಿಂದೆ ಮಾತ್ರ ಓಡಬೇಡಿ. ಮೂರನೇ ತಲೆಮಾರಿನ (ಪಿಸಿಐಇ 3) ಒಳ್ಳೆಯ ಡ್ರೈವ್ ಸೆಕೆಂಡಿಗೆ ಸುಮಾರು 3,500 ಎಂಬಿ ಓದುತ್ತದೆ, ನಾಲ್ಕನೆಯದು ಸುಮಾರು 7,000. ಆಟ ಲೋಡ್ ಆಗುವಾಗ ಇವೆರಡರ ವ್ಯತ್ಯಾಸ ಬಹಳ ಸಲ ಗೊತ್ತೇ ಆಗುವುದಿಲ್ಲ.

ಹಂತ 7: ಪವರ್ ಸಪ್ಲೈ, ಇಲ್ಲಿ ಸ್ವಲ್ಪ ನಿಲ್ಲಿ

ಅಂಗಡಿಯಲ್ಲಿ ಎಸ್‌ಎಂಪಿಎಸ್ ಅಂತ ಕರೆಯುವ ಈ ಡಬ್ಬಿ ಒಂದೇ ಒಂದು ಫ್ರೇಮನ್ನೂ ಜಾಸ್ತಿ ಮಾಡುವುದಿಲ್ಲ. ಬಜೆಟ್ ಮೀರಿದಾಗ ಎಲ್ಲರ ಕತ್ತರಿ ಮೊದಲು ಇದರ ಮೇಲೇ ಬೀಳುವುದು ಅದಕ್ಕೇ. ಆದರೆ ಇದು ಕೆಟ್ಟರೆ ತಾನೊಂದೇ ಹೋಗದೆ ಉಳಿದವನ್ನೂ ಜೊತೆಗೆ ಕರೆದುಕೊಂಡು ಹೋಗಬಹುದು.

ಪಕ್ಕದಲ್ಲಿ ಅಂಟಿಸಿದ ಲೇಬಲ್ ಓದುವುದನ್ನು ಕಲಿಯಿರಿ, ಎರಡು ನಿಮಿಷದ ಕೆಲಸ. ಅದರಲ್ಲಿ +3.3ವಿ, +5ವಿ, +12ವಿ ಅಂತ ಮನೆಗಳಿರುತ್ತವೆ. ಪ್ರೊಸೆಸರ್ ಮತ್ತು ಕಾರ್ಡ್ ತಮ್ಮ ಕರೆಂಟಿನ ಬಹುಪಾಲನ್ನು ಎಳೆಯುವುದು +12ವಿಯಿಂದ. ಅದರ ಕೆಳಗಿನ ಆಂಪಿಯರ್ ಅಂಕಿಯನ್ನು 12ರಿಂದ ಗುಣಿಸಿ. 650 ವ್ಯಾಟ್ ಅನ್ನುವ ಒಂದು ಡಬ್ಬಿಯಲ್ಲಿ 54 ಆಂಪಿಯರ್ ಇದೆ ಅನ್ನಿ. 54 ಗುಣಿಸು 12, 648. ಹೇಳಿದ್ದೂ ಇರುವುದೂ ಒಂದೇ. ಇನ್ನೊಂದರ ಮೇಲೆ ದಪ್ಪ ಅಕ್ಷರದಲ್ಲಿ 500 ವ್ಯಾಟ್ ಇದೆ, +12ವಿ ಕೆಳಗೆ 28 ಆಂಪಿಯರ್. ಗುಣಿಸಿದರೆ 336. ಅದನ್ನು ಅಲ್ಲೇ ಇಟ್ಟು ಬನ್ನಿ.

ಎಷ್ಟು ವ್ಯಾಟ್ ಬೇಕು? ಕಾರ್ಡ್ 180, ಪ್ರೊಸೆಸರ್ ಜೋರಾಗಿ ಓಡುವಾಗ 90, ಉಳಿದದ್ದಕ್ಕೆ 50 ಅಂದರೆ 320. ಅದರ ಒಂದೂವರೆ ಪಟ್ಟು 480. ಕಾರ್ಡುಗಳು ಕ್ಷಣ ಮಾತ್ರ ತಮ್ಮ ಮಿತಿ ಮೀರಿ ಎಳೆಯುವುದುಂಟು, ಹಾಗಾಗಿ 550ರಿಂದ 650ರೊಳಗೆ ಒಂದು ಒಳ್ಳೆಯದನ್ನು ಆರಿಸಿ. ಕಾರ್ಡ್ ತಯಾರಕರು ಇಷ್ಟಿರಲಿ ಅಂತ ಬರೆದಿರುತ್ತಾರೆ, ಅದಕ್ಕಿಂತ ಕೆಳಗೆ ಹೋಗಬೇಡಿ. 80 ಪ್ಲಸ್ ಬ್ರಾಂಜ್, ಗೋಲ್ಡ್ ಅನ್ನುವ ಮುದ್ರೆ ಹೇಳುವುದು ಎಷ್ಟು ಕರೆಂಟ್ ಶಾಖವಾಗಿ ಪೋಲಾಗುತ್ತದೆ ಅನ್ನುವುದನ್ನು ಮಾತ್ರ. ಒಳಗಿನ ಗುಣಮಟ್ಟಕ್ಕೆ ಅದು ಸರ್ಟಿಫಿಕೇಟ್ ಅಲ್ಲ. ಅದಕ್ಕೆ ವಾರಂಟಿ ವರ್ಷ ನೋಡಿ, ಬಿಚ್ಚಿ ಪರೀಕ್ಷಿಸಿದವರ ವಿಮರ್ಶೆ ಓದಿ. ಹಾಗೇ ಒಂದು ಮಾತು: ಕೇಬಲ್ ಬಿಚ್ಚಿ ಹಾಕುವ ಬಗೆಯ ಸಪ್ಲೈ ಆದರೆ ಅದರ ಜೊತೆ ಬಂದ ಕೇಬಲ್ ಮಾತ್ರ ಬಳಸಿ. ಬೇರೆ ಕಂಪನಿಯದು ತೂತಿಗೆ ಸರಿಯಾಗಿ ಕೂತರೂ ಒಳಗಿನ ತಂತಿಗಳ ಜಾಗ ಬೇರೆ ಇರಬಹುದು, ಸುಟ್ಟುಹೋಗುತ್ತೆ.

ಹಂತ 8: ಕ್ಯಾಬಿನೆಟ್, ಕೂಲರ್

ಮುಂಭಾಗ ಜಾಲರಿ ಇರುವ, ಎರಡು ಫ್ಯಾನ್ ಜೊತೆಗೇ ಬರುವ ಕ್ಯಾಬಿನೆಟ್ ಸಾಕು. ಮುಂದೆ ಪೂರ್ತಿ ಗಾಜು ಇದ್ದು ಗಾಳಿಗೆ ಬೇರೆ ದಾರಿ ಇಲ್ಲದವು ನೋಡಲು ಚಂದ, ಒಳಗೆ ಸೆಕೆ. 65 ವ್ಯಾಟ್ ಪ್ರೊಸೆಸರ್ ಜೊತೆ ಕೂಲರ್ ಬಂದಿದ್ದರೆ ಅದನ್ನೇ ಹಾಕಿ. ಸದ್ದು ಕಿರಿಕಿರಿ ಅನಿಸಿದರೆ ಆಮೇಲೆ ಬದಲಿಸಿದರಾಯಿತು. ಮೊದಲ ಪಿಸಿಗೆ ಲಿಕ್ವಿಡ್ ಕೂಲಿಂಗ್ ಸುಮ್ನೆ ಖರ್ಚು.

ಹಂತ 9: ಮೊತ್ತ ಮೀರಿತು, ಈಗೇನು?

ಮೀರುತ್ತದೆ. ಎಲ್ಲರದೂ ಮೀರುತ್ತದೆ. ಆಗ ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ಕತ್ತರಿಸಬೇಡಿ, ಕೊನೆಗೆ ಯಾವುದೂ ಸರಿಯಿಲ್ಲದ ಪಿಸಿ ಸಿಗುತ್ತದೆ. ನಾನು ಕತ್ತರಿಸುವ ಕ್ರಮ ಹೀಗಿದೆ. ಮೊದಲು ದೀಪ, ಗಾಜು, ಬಿಳಿ ಬಣ್ಣ. ಬಿಳಿ ಬಣ್ಣದ ಭಾಗಗಳಿಗೆ ಬಹಳ ಕಡೆ ಜಾಸ್ತಿ ಬೆಲೆ. ಆಮೇಲೆ ಮದರ್‌ಬೋರ್ಡ್ ಒಂದು ಮೆಟ್ಟಿಲು ಕೆಳಗೆ. ಆಮೇಲೆ ಪ್ರೊಸೆಸರ್ ಹಿಂದಿನ ತಲೆಮಾರಿನದು. ಇಷ್ಟಾದರೂ ಸಾಲದಿದ್ದರೆ 1440ಪಿ ಆಸೆ ಬಿಟ್ಟು 1080ಪಿಗೆ ಇಳಿಯಿರಿ. ಆಗ ಮಾನಿಟರಿನಲ್ಲೂ ಉಳಿಯುತ್ತೆ, ಕಾರ್ಡಿನಲ್ಲೂ ಉಳಿಯುತ್ತೆ. ಪವರ್ ಸಪ್ಲೈ ಮತ್ತು ಪಕ್ಕಕ್ಕಿಟ್ಟ ಹಣ, ಇವೆರಡನ್ನು ಮುಟ್ಟಬೇಡಿ.

ಇನ್ನೊಂದು ದಾರಿ ಕಂತಿನಲ್ಲಿ ಕಟ್ಟುವುದು. ರೈಜೆನ್ 5 8600ಜಿ ಥರದ, ಒಳಗೇ ಸುಮಾರಾದ ಗ್ರಾಫಿಕ್ಸ್ ಇರುವ ಪ್ರೊಸೆಸರ್ ಹಾಕಿ. ಹಗುರ ಆಟಗಳನ್ನು 1080ಪಿಯಲ್ಲಿ ಆಡುತ್ತ, ಕಾರ್ಡಿಗೆ ಹಣ ಕೂಡಿಸಿ. ಇಂಥ ಪ್ರೊಸೆಸರ್ ತನ್ನ ಗ್ರಾಫಿಕ್ಸಿಗೆ ರ‍್ಯಾಮನ್ನೇ ಬಳಸುವುದರಿಂದ ಎರಡು ತುಂಡಿನ ಮಾತು ಇಲ್ಲಿ ಇನ್ನೂ ಗಟ್ಟಿ.

ಸೆಕೆಂಡ್ ಹ್ಯಾಂಡ್ ಕೊಂಡರೂ ತಪ್ಪಿಲ್ಲ. ಪ್ರೊಸೆಸರ್ ಕೆಡುವುದು ಅಪರೂಪ. ಎಎಂ4 ಆದರೆ ಪ್ರೊಸೆಸರಿನ ಅಡಿಯ ಪಿನ್ ಬಗ್ಗಿದೆಯಾ ನೋಡಿ. ಎಎಂ5 ಮತ್ತು ಇಂಟೆಲ್‌ನಲ್ಲಿ ಪಿನ್ ಇರುವುದು ಬೋರ್ಡಿನಲ್ಲಿ, ಆ ಕಡೆ ಟಾರ್ಚ್ ಹಿಡಿಯಿರಿ. ಕಾರ್ಡ್ ಆದರೆ ಕಣ್ಣೆದುರೇ ಕಾಲು ಗಂಟೆ ಆಟ ಓಡಿಸಿ ತೋರಿಸಲು ಹೇಳಿ. ಪರದೆಯಲ್ಲಿ ಚುಕ್ಕೆ, ಗೆರೆ ಬಂದರೆ, ಫ್ಯಾನ್ ಗರಗರ ಅಂದರೆ ಬೇಡ. ಹಳೆಯ ಎಸ್‌ಎಸ್‌ಡಿ ಎಷ್ಟು ಸವೆದಿದೆ ಅನ್ನುವುದನ್ನು ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಅನ್ನುವ ಸಾಫ್ಟ್‌ವೇರ್ ತೋರಿಸುತ್ತದೆ. ಪವರ್ ಸಪ್ಲೈ ಮಾತ್ರ ಹೊಸದೇ ಇರಲಿ.

ಹಂತ 10: ಹಣ ಕೊಡುವ ಮುಂಚೆ, ಕೊಟ್ಟ ಮೇಲೆ

ಪಟ್ಟಿ ಪಕ್ಕಾ ಆದ ಮೇಲೆ ಟೇಪ್ ಹಿಡಿದವರ ಹಾಗೆ ಅಳತೆ ನೋಡಿ. ಕಾರ್ಡ್ ಎಷ್ಟು ಮಿಲಿಮೀಟರ್ ಉದ್ದ, ಕ್ಯಾಬಿನೆಟ್ ಎಷ್ಟರವರೆಗೆ ಒಪ್ಪುತ್ತದೆ? ಕೂಲರಿನ ಎತ್ತರ? ಕಾರ್ಡಿಗೆ ಬೇಕಾದ ಪವರ್ ಕನೆಕ್ಟರ್ ಸಪ್ಲೈಯಲ್ಲಿ ಇದೆಯಾ? ಬೋರ್ಡಿನಲ್ಲಿರುವ ಬಯಾಸ್ ಈ ಪ್ರೊಸೆಸರನ್ನು ಗುರುತಿಸುತ್ತದಾ? ಇದೆಲ್ಲ ತಯಾರಕರ ಪುಟದಲ್ಲೇ ಇರುತ್ತದೆ. ಇದಕ್ಕೆ ಅರ್ಧ ಗಂಟೆ ಕೊಡಿ.

ಕೊಳ್ಳುವಾಗ ಎಲ್ಲವನ್ನೂ ಹತ್ತಿರ ಹತ್ತಿರದ ದಿನಗಳಲ್ಲೇ ಕೊಳ್ಳಿ. ಆಫರ್ ಇದೆ ಅಂತ ಇವತ್ತು ಮದರ್‌ಬೋರ್ಡ್ ತಂದು, ಎರಡು ತಿಂಗಳು ಬಿಟ್ಟು ಪ್ರೊಸೆಸರ್ ತಂದರೆ, ಬೋರ್ಡ್ ಕೆಟ್ಟಿದೆ ಅಂತ ತಿಳಿಯುವ ಹೊತ್ತಿಗೆ ವಾಪಸು ಕೊಡುವ ಗಡುವು ದಾಟಿರುತ್ತದೆ. ಡಬ್ಬಿ, ಬಿಲ್ಲು ಎರಡನ್ನೂ ಎತ್ತಿಡಿ.

ಪಿಸಿ ಶುರುವಾದ ದಿನವೇ ಬಯಾಸ್ ಒಳಗೆ ಹೋಗಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ (ರ‍್ಯಾಮನ್ನು ಅದರ ಪೂರ್ತಿ ವೇಗದಲ್ಲಿ ಓಡಿಸುವ ಸೆಟ್ಟಿಂಗ್) ಆನ್ ಮಾಡಿ. ಇಲ್ಲದಿದ್ದರೆ 6000ದ ಡಿಡಿಆರ್5 ರ‍್ಯಾಮ್ 4800ರಲ್ಲೇ ಓಡುತ್ತಿರಬಹುದು, ಕೊಟ್ಟ ಹಣದ ಒಂದು ಭಾಗ ಮಲಗಿರುತ್ತದೆ. ವಿಂಡೋಸ್ ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ಮಾನಿಟರ್ 60 ಹರ್ಟ್ಸ್‌ನಲ್ಲೇ (ಸೆಕೆಂಡಿಗೆ 60 ಫ್ರೇಮ್ ತೋರಿಸುವ ವೇಗ) ನಿಂತಿದೆಯಾ ನೋಡಿ, 144 ಅಥವಾ ನಿಮ್ಮದು ಎಷ್ಟೋ ಅಷ್ಟಕ್ಕೆ ಏರಿಸಿ. ಮಾನಿಟರ್ ಕೇಬಲನ್ನು ಮದರ್‌ಬೋರ್ಡಿಗಲ್ಲ, ಗ್ರಾಫಿಕ್ಸ್ ಕಾರ್ಡಿಗೆ ಚುಚ್ಚಿದ್ದೀರಿ ಅಲ್ವಾ? ಆಮೇಲೆ ಮೂರೂ ಆಟಗಳನ್ನು ಒಂದು ವಾರ ಚೆನ್ನಾಗಿ ಓಡಿಸಿ. ಪಕ್ಕಕ್ಕಿಟ್ಟ ಹಣ ಆಗಲೂ ಹಾಗೇ ಉಳಿದಿದ್ದರೆ ಎರಡನೇ ಎಂ.2 ಸ್ಲಾಟಿಗೆ ಇನ್ನೊಂದು ಎಸ್‌ಎಸ್‌ಡಿ ತನ್ನಿ. ಮೊದಲು ತುಂಬುವುದು ಅದೇ.